ಕನ್ನಡ ಯೂಟ್ಯೂಬ್ ಬೆಳೆದು ಬಂದ ಬಗೆ

ಕನ್ನಡದಲ್ಲಿ ವಿಡಿಯೊ ಮಾಡುವುದು ಹವ್ಯಾಸದ ಮಟ್ಟ ದಾಟಿ ಕಸುಬಾಗಿ ಹೆಚ್ಚು ಕಾಲವಾಗಿಲ್ಲ. ವೈರಲ್ ಆಗುವ ಅರ್ಧ ನಿಮಿಷದ ತುಣುಕುಗಳೇ ಈ ಕ್ಷೇತ್ರದ ಜೀವಾಳ ಎಂಬ ಮಾತು ಈಗ ಚಾಲ್ತಿಯಲ್ಲಿದೆ. ಉಳಿದು ಬಂದ ಕೆಲಸವನ್ನು ನೋಡಿದರೆ ಆ ಮಾತು ನಿಲ್ಲುವುದಿಲ್ಲ.

2005ರಲ್ಲಿ ಶುರುವಾದ ಯೂಟ್ಯೂಬನ್ನು ಮರುವರ್ಷವೇ ಗೂಗಲ್ 165 ಕೋಟಿ ಡಾಲರಿಗೆ ಕೊಂಡಿತು. ವಿಡಿಯೊ ಮಾಡುವವರಿಗೆ ಜಾಹೀರಾತಿನ ಹಣದಲ್ಲಿ ಪಾಲು ಕೊಡುವ ಪದ್ಧತಿ 2007ರಲ್ಲಿ ಬಂತು, ಭಾರತದ ಆವೃತ್ತಿ 2008ರಲ್ಲಿ. ಆಗ ಕನ್ನಡದ ಪಾಲಿಗೆ ಅದು ಹೆಚ್ಚಾಗಿ ಸಿನಿಮಾ ಹಾಡು, ಹಾಸ್ಯ ದೃಶ್ಯಗಳ ಉಗ್ರಾಣ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಹಳ್ಳಿಯ ಕಟ್ಟೆಯ ಮೇಲೂ ವಿಡಿಯೊ ಓಡತೊಡಗಿತು. ಕನ್ನಡದ ಚಾನೆಲ್‌ಗಳಿಗೆ ನಿಜವಾದ ನೋಡುಗರು ಸಿಕ್ಕಿದ್ದು ಆಗಲೇ.

ಈ ಘಟ್ಟದ ಗಟ್ಟಿ ಫಸಲು ಬಂದದ್ದು ಬಿಡುವಾಗಿ ಮಾತಾಡುವವರಿಂದ. ಕೆ.ಎಸ್. ಪರಮೇಶ್ವರ ಅವರ 'ಕಲಾಮಾಧ್ಯಮ' ಚಿತ್ರರಂಗದ ಹಿರಿಯರ ನೆನಪುಗಳನ್ನು ಕಂತು ಕಂತಾಗಿ ದಾಖಲಿಸಿತು. ಟಿವಿಯ ಸಂದರ್ಶನದಲ್ಲಿ ಕತ್ತರಿ ಬೀಳುತ್ತಿದ್ದ ಕವಲು ಮಾತುಗಳೇ ಇಲ್ಲಿ ಸ್ವಾರಸ್ಯ. ಕಾಸರಗೋಡು ಸೀಮೆಯ ಸುದರ್ಶನ ಭಟ್ಟರ 'ಭಟ್ ಎನ್ ಭಟ್' ಅಡುಗೆಯನ್ನು ಸ್ಟುಡಿಯೊದಿಂದ ಮನೆಗೆ ತಂದಿತು. ಅಲ್ಲಿ ಹಲಸು ಪಾತ್ರೆಗೆ ಬೀಳುವ ಮೊದಲು ತೋಟ, ಅಂಗಳ, ಮೇಣ ಮೆತ್ತಿದ ಕತ್ತಿ ಎಲ್ಲವೂ ಕಾಣುತ್ತವೆ. ಕರಾವಳಿಯ ಕನ್ನಡ ಯಾವ ಮುಲಾಜೂ ಇಲ್ಲದೆ ಕೇಳುತ್ತದೆ. 'ಡಾ. ಬ್ರೋ' ಗಗನ್ ಶ್ರೀನಿವಾಸ್ 'ನಮಸ್ಕಾರ ದೇವ್ರು' ಎನ್ನುತ್ತ ಅಫ್ಘಾನಿಸ್ತಾನವನ್ನೂ ಆಫ್ರಿಕಾವನ್ನೂ ಬೆಂಗಳೂರು ಸುತ್ತಿನ ಆಡುಮಾತಿನಲ್ಲೇ ತೋರಿಸಿದರು. ಪ್ರವಾಸಕಥನಕ್ಕೆ ಗ್ರಾಂಥಿಕ ಭಾಷೆ ಬೇಕಿಲ್ಲವೆಂಬುದು ಇದರಿಂದ ಮತ್ತೊಮ್ಮೆ ಖಾತ್ರಿಯಾಯಿತು.

ಕಿರು ವಿಡಿಯೊಗಳದು ಬೇರೆ ದಾರಿ. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಆ ಜಾಗ ತುಂಬಿದವು. ರೇಡಿಯೊದಿಂದ ಬಂದ ದಾನಿಶ್ ಸೇಠ್, ಶ್ರದ್ಧಾ ಜೈನ್ ಅವರಂಥವರು ಇಲ್ಲಿ ಗೆದ್ದರು; ಮೈಕಿನ ಮುಂದೆ ಪಳಗಿದ ನಾಲಗೆ ಕ್ಯಾಮೆರಾದ ಮುಂದೆಯೂ ಕೈಕೊಡಲಿಲ್ಲ. ಅವರನ್ನು ಅನುಕರಿಸಿದ ಬಹುಪಾಲು ರೀಲ್ಸ್ ವಾರ ಕಳೆಯುವುದರೊಳಗೆ ಮರೆತುಹೋಗುವಂಥವು.

ಆದಾಯದ ಲೆಕ್ಕ ಸರಳವಲ್ಲ. 2018ರ ನಿಯಮದಂತೆ ದೀರ್ಘ ವಿಡಿಯೊ ಮಾಡುವವರಿಗೆ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್‌ಗಳು, ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಇರಬೇಕು. ಒಬ್ಬೊಬ್ಬರು ಐದು ನಿಮಿಷ ನೋಡಿದರೆ 48,000 ವ್ಯೂಸ್ ಆಗಬೇಕು. ನೇಕಾರಿಕೆ, ಕುಂಬಾರಿಕೆ ತೋರಿಸುವ ಸಣ್ಣ ಚಾನೆಲ್‌ಗೆ ಇದು ಏರುದಾರಿ. ದೀರ್ಘ ವಿಡಿಯೊದ ಜಾಹೀರಾತಿನಲ್ಲಿ ಶೇ 55 ಮಾಡಿದವರಿಗೆ. 2023ರಿಂದ ಶಾರ್ಟ್ಸ್‌ನಲ್ಲಿ ಅವರ ಪಾಲಿನ ದರ ಶೇ 45. ಜಾಹೀರಾತಿನ ದರ ನೋಡುಗರ ದೇಶ, ವಿಡಿಯೊದ ವಿಷಯ ನೋಡಿ ಏರಿಳಿಯುತ್ತದೆ: ಷೇರು, ಸಾಲದ ಮಾತಿಗೆ ಬೆಲೆ ಹೆಚ್ಚು, ಜನಪದ ಹಾಡಿಗೆ ಕಡಿಮೆ. ಹಾಗಾಗಿ ಹಲವರು ಪ್ರಮೋಷನ್ನನ್ನು ನೆಚ್ಚಿಕೊಂಡಿದ್ದಾರೆ. 2022ರ ಜುಲೈಯಿಂದ ವರ್ಷಕ್ಕೆ 20,000 ರೂಪಾಯಿ ಮೀರಿದ ಉಡುಗೊರೆ, ಸೌಲಭ್ಯಗಳಿಗೆ ಶೇ 10ರ ತೆರಿಗೆ ಕಡಿತ ಬಂತು. ಹಣ ಪಡೆದು ಹೊಗಳಿದರೆ ಹಾಗೆಂದು ಸ್ಪಷ್ಟವಾಗಿ ಹೇಳಬೇಕೆಂದು 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ತಿಳಿಸಿತು.

ಈ ಕ್ಷೇತ್ರದ ಬಗೆಗಿನ ಬರಹ ಮುಖ ತೋರಿಸುವವರಲ್ಲೇ ನಿಂತಿದೆ. ಎಡಿಟಿಂಗ್ ಮಾಡುವವರು, ಕ್ಯಾಮೆರಾ ಹಿಡಿಯುವ ತಮ್ಮ, ಥಂಬ್‌ನೇಲ್ ಮಾಡುವ ಹುಡುಗ ಲೆಕ್ಕಕ್ಕೆ ಬಂದಿಲ್ಲ. ಉತ್ತರ ಕರ್ನಾಟಕದ ಹಾಸ್ಯ ಚಾನೆಲ್‌ಗಳಿಗೆ ಸಿಕ್ಕ ನೋಡುಗರಿಗೆ ಲೆಕ್ಕವಿಲ್ಲ, ಅವುಗಳ ಮೇಲೆ ಬಂದ ವಿಮರ್ಶೆ ಬೆರಳೆಣಿಕೆಯಷ್ಟೂ ಇಲ್ಲ. ಸಂಗ್ರಹದ್ದು ಇನ್ನೂ ದೊಡ್ಡ ಕೊರತೆ. ಟಿಕ್‌ಟಾಕ್ ನಿಂತಾಗ ಬೇರೆಡೆ ಉಳಿಸಿಕೊಳ್ಳದವರ ಕೆಲಸ ನೋಡುಗರ ಕೈತಪ್ಪಿತು. ಪುಸ್ತಕದ ಪ್ರತಿ ಸಾರ್ವಜನಿಕ ಗ್ರಂಥಾಲಯಕ್ಕೆ ಸಲ್ಲಬೇಕೆಂಬ ಕಾನೂನು 1954ರಿಂದಲೂ ಇದೆ. ಹಿರಿಯ ಕಲಾವಿದರು ಗಂಟೆಗಟ್ಟಲೆ ಮಾತಾಡಿದ ವಿಡಿಯೊಗಳಿಗೆ ಅಂಥ ಆಸರೆಯಿಲ್ಲ. ಅವುಗಳ ಉಳಿವು ಸದ್ಯಕ್ಕೆ ಚಾನೆಲ್ ನಡೆಸುವವರ ಮುತುವರ್ಜಿಗೂ ಒಂದು ಖಾಸಗಿ ಕಂಪನಿಯ ನಿಯಮಗಳಿಗೂ ಬಿಟ್ಟದ್ದು.