ರಸ್ತೆ ತಂದ ಬೆಲೆ, ಊರು ಕೊಡುವ ಬಾಡಿಗೆ: ಮಂಡ್ಯ, ಮದ್ದೂರು, ಮಳವಳ್ಳಿಗಳ ಬಾಡಿಗೆ ಮನೆ ಹೂಡಿಕೆ

ಪ್ರವೇಶ

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಲೋಕಾರ್ಪಣೆಗೊಂಡಿತು. ಅಲ್ಲಿಂದೀಚೆಗೆ ಮಂಡ್ಯ ಜಿಲ್ಲೆಯಲ್ಲಿ ಸೈಟಿನ ಮಾತು ಬಂದಾಗಲೆಲ್ಲ ಮೊದಲು ಕೇಳುವುದು ಹೆದ್ದಾರಿಗೆ ಎಷ್ಟು ದೂರ ಎಂದು. ಮಾರುವ ಬೆಲೆಗೆ ಈ ಅಳತೆ ಸರಿಯಿರಬಹುದು. ಬಾಡಿಗೆಯ ಲೆಕ್ಕ ಬೇರೆ. ಬಾಡಿಗೆ ನಿಲ್ಲುವುದು ಊರಿನಲ್ಲಿ ಉಳಿಯಲೇಬೇಕಾದ ಜನರ ಮೇಲೆ ಎಂಬುದು ಈ ಲೇಖನದ ವಾದ.

ಬಾಡಿಗೆ ಮತ್ತು ಭೋಗ್ಯ

ಬಾಡಿಗೆಯ ಲೆಕ್ಕಕ್ಕೆ ಮೊದಲು ಹೊರಗಿನ ಒಂದು ಅಳತೆ ನೋಡೋಣ. ಬ್ರಿಟನ್ನಿನಲ್ಲಿ ಬಾಡಿಗೆಗೆಂದೇ ಮನೆ ಕೊಳ್ಳುವವರಿಗೆ ಪ್ರತ್ಯೇಕ ಸಾಲದ ಯೋಜನೆ 1996ರಲ್ಲಿ ಶುರುವಾಯಿತು. ಅಲ್ಲಿನ ಹೂಡಿಕೆದಾರರು ಲಂಡನ್ನನ್ನೂ ಲಿವರ್‌ಪೂಲನ್ನೂ ತೂಗಿ ನೋಡುವುದು ವರ್ಷದ ಬಾಡಿಗೆ ಮನೆಯ ಬೆಲೆಯ ಶೇಕಡಾ ಎಷ್ಟು ಎಂಬ ಅಳತೆಯಿಂದ. ಬೆಲೆ ವಿಪರೀತವಾದ ಲಂಡನ್ನಿನಲ್ಲಿ ಈ ಪ್ರಮಾಣ ಕಡಿಮೆ, ಅಗ್ಗದ ಉತ್ತರದ ನಗರಗಳಲ್ಲಿ ಹೆಚ್ಚು.

ನಮ್ಮಲ್ಲಿ ಇದೇ ಅಳತೆ ಹಿಡಿಯುವ ಮೊದಲು ಭೋಗ್ಯದ ಲೆಕ್ಕ ಬಿಡಿಸಬೇಕು: ತಿಂಗಳ ಬಾಡಿಗೆಯ ಬದಲು ಮಾಲೀಕ ಒಮ್ಮೆಗೇ ಒಂದು ಗಂಟು ಪಡೆದು, ಅವಧಿ ಮುಗಿದಾಗ ಅದನ್ನು ಹಿಂದಿರುಗಿಸುವ ಪದ್ಧತಿ ಇದು. ಒಂದು ಉದಾಹರಣೆ ನೋಡೋಣ. 60 ಲಕ್ಷ ಖರ್ಚಾದ ಮನೆಗೆ ತಿಂಗಳಿಗೆ 15,000 ರೂ. ಬಾಡಿಗೆ ಬಂದರೆ ವರ್ಷಕ್ಕೆ 1.8 ಲಕ್ಷ, ಅಂದರೆ ಶೇ. 3. ಒಂದು ತಿಂಗಳು ಖಾಲಿ ಬಿದ್ದು, ಸುಣ್ಣಬಣ್ಣ ಮತ್ತು ಕಂದಾಯಕ್ಕೆ 15,000 ಹೋದರೆ ಉಳಿಯುವುದು ಶೇ. 2.5. ಇನ್ನು 6 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟ ಚಿಕ್ಕ ಮನೆ. ಶೇ. 7ರ ಬಡ್ಡಿ ಹಿಡಿದರೆ ಅದರ ಗುಪ್ತ ಬಾಡಿಗೆ ತಿಂಗಳಿಗೆ 3,500 ರೂ. ಮಾತ್ರ. ಹೀಗಿದ್ದೂ ಮಾಲೀಕ ಭೋಗ್ಯಕ್ಕೆ ಒಪ್ಪುವುದೇಕೆ? ಆ ಗಂಟಿನಲ್ಲಿ ಮೇಲಿನ ಮಹಡಿಗೆ ಮೋಲ್ಡ್ ಹಾಕಿಸಬಹುದು. ಭೋಗ್ಯ ಎಂದರೆ ಬಾಡಿಗೆದಾರನೇ ಮಾಲೀಕನಿಗೆ ಕೊಡುವ ಸಾಲ.

ಮೂರು ಊರುಗಳು

ಮಂಡ್ಯ 1939ರಲ್ಲಿ ಜಿಲ್ಲಾ ಕೇಂದ್ರವಾಯಿತು. ಅದಕ್ಕೂ ಮೊದಲೇ, 1933ರಲ್ಲಿ, ಕನ್ನಂಬಾಡಿಯ ನಾಲೆ ನೀರು ಮತ್ತು ಕಬ್ಬನ್ನು ನಂಬಿ ಮೈಷುಗರ್ ಸಕ್ಕರೆ ಕಾರ್ಖಾನೆ ಬಂದಿತ್ತು. 1962ರಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು, 2006ರಲ್ಲಿ ಮಿಮ್ಸ್ ವೈದ್ಯಕೀಯ ಕಾಲೇಜು ಸೇರಿಕೊಂಡವು. ಇಲ್ಲಿನ ಬಾಡಿಗೆದಾರರು ಕಚೇರಿ ನೌಕರರು, ವಿದ್ಯಾರ್ಥಿಗಳು, ನರ್ಸುಗಳು. ಒಬ್ಬರಿಗೆ ವರ್ಗವಾದರೆ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಕೆಳಗೆ ಮಾಲೀಕರ ಸಂಸಾರ, ಹೊರಗಿನಿಂದ ಮೆಟ್ಟಿಲು, ಮೇಲೆ ಎರಡು ಬಾಡಿಗೆ ಮನೆ, ಎಲ್ಲರಿಗೂ ಒಂದೇ ಸಂಪು: ಇದು ಇಲ್ಲಿನ ಬಡಾವಣೆಗಳ ಪರಿಚಿತ ನಕ್ಷೆ. ಕರೆಂಟಿನ ಮೀಟರ್ ಬೇರೆಬೇರೆ ಇದ್ದರೂ ಮೋಟರಿನ ಬಿಲ್ ಯಾರದು ಎಂಬ ತಕರಾರು ಮುಗಿಯುವುದಿಲ್ಲ.

ಮದ್ದೂರಿಗೆ ರೈಲಿದೆ, ಎಳನೀರಿನ ದೊಡ್ಡ ಮಾರುಕಟ್ಟೆಯಿದೆ, ಗೆಜ್ಜಲಗೆರೆಯಲ್ಲಿ ಮನ್‌ಮುಲ್ ಡೇರಿಯಿದೆ. ಆದರೆ ಕೆಲಸಗಾರನ ಹಳ್ಳಿ ಹತ್ತಿರವೇ ಇದ್ದರೆ ಅವನು ಸ್ವಂತ ಮನೆಯಿಂದ ಬೈಕಿನಲ್ಲಿ ಬಂದು ಹೋಗುತ್ತಾನೆ, ಬಾಡಿಗೆ ಮನೆ ಹುಡುಕುವುದಿಲ್ಲ. ಮದ್ದೂರಿನ ಬಲ ವಾಸದ ಮನೆಗಿಂತ ಅಂಗಡಿ ಮಳಿಗೆಯಲ್ಲಿ. ಆ ಬಲಕ್ಕೂ ಹೊಸ ಹೆದ್ದಾರಿ ಪೆಟ್ಟು ಕೊಟ್ಟಿದೆ. ಮದ್ದೂರು ವಡೆಗೆಂದು ನಿಲ್ಲುತ್ತಿದ್ದ ವಾಹನಗಳು ಈಗ ಊರಿನಲ್ಲಿ ನಿಲ್ಲದೆ ಸಾಗಿಹೋಗುತ್ತವೆ. ಜಮೀನಿಗೆ ಬೆಲೆ ತಂದ ರಸ್ತೆಯೇ ಹಳೆಯ ರಸ್ತೆಯ ಮಳಿಗೆಗಳಿಂದ ಗಿರಾಕಿಯನ್ನು ಒಯ್ದಿತು.

ಮಳವಳ್ಳಿಯದು ಮತ್ತೊಂದು ಪಾಠ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟ ಶಿವನಸಮುದ್ರ ಈ ತಾಲ್ಲೂಕಿನದು. ಬೆಂಗಳೂರಿಗೆ ಕಾವೇರಿ ನೀರು ಎತ್ತುವ ತೊರೆಕಾಡನಹಳ್ಳಿಯೂ ಇಲ್ಲಿಯದೇ. ಆದರೆ ಇವೆರಡೂ ಪಟ್ಟಣದಿಂದ ದೂರ. ವಿದ್ಯುದಾಗಾರದ ನೌಕರರಿಗೆ ಶಿವನಸಮುದ್ರದ ಬ್ಲಫ್‌ನಲ್ಲೇ ವಸತಿಗೃಹಗಳಾದವು. ಬೆಳಕೂ ನೀರೂ ಹೊರಗಿನ ಊರುಗಳಿಗೆ ಹರಿದವು, ಬಾಡಿಗೆದಾರರು ಪಟ್ಟಣಕ್ಕೆ ಬರಲಿಲ್ಲ. ಕನಕಪುರ–ಕೊಳ್ಳೇಗಾಲ ಹೆದ್ದಾರಿಯಿದೆ, ರೈಲಿಲ್ಲ. ಉಳಿಯುವವರು ಮುಖ್ಯವಾಗಿ ತಾಲ್ಲೂಕು ಕಚೇರಿಯ ನೌಕರರು ಮತ್ತು ಶಿಕ್ಷಕರು. ಬೇಡಿಕೆ ಸಣ್ಣದು, ಆದರೆ ಸ್ಥಿರ.

ಕಾಗದಪತ್ರ

ಕೃಷಿ ಜಮೀನನ್ನು ವಾಸಕ್ಕೆ ಬಳಸಲು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಂತೆ ಪರಿವರ್ತನೆ ಬೇಕು. ಅದಿಲ್ಲದ ರೆವಿನ್ಯೂ ಸೈಟು ಅಗ್ಗವಾಗಿ ಸಿಕ್ಕರೂ ಖಾತೆಗೂ ಬ್ಯಾಂಕ್ ಸಾಲಕ್ಕೂ ತೊಡಕು. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಬೇಕು. 11 ತಿಂಗಳ ಕರಾರಿನ ಗುಟ್ಟು ಇದೇ. ಮೂರು ವರ್ಷದ ಭೋಗ್ಯವನ್ನು ಬರೀ ಛಾಪಾ ಕಾಗದದಲ್ಲಿ ಬರೆದು ಮುಗಿಸಿದರೆ, ಗಂಟು ಹಿಂದಿರುಗದ ದಿನ ಬಾಡಿಗೆದಾರನ ಕೈ ಬಲವಾಗಿರುವುದಿಲ್ಲ.

ಉಪಸಂಹಾರ

ವಾಸದ ಮನೆಯ ಬಾಡಿಗೆಗೆ ಮಂಡ್ಯ ಮುಂದು. ಮದ್ದೂರಿನಲ್ಲಿ ಮಳಿಗೆಯೇ ಮೇಲು, ಅದೂ ಸ್ಥಳೀಯ ಗಿರಾಕಿಯನ್ನು ನಂಬಿದ ಬೀದಿಯಲ್ಲಿ. ಮಳವಳ್ಳಿಯಲ್ಲಿ ತಾನೇ ವಾಸವಿದ್ದು ಮೇಲೊಂದು ಮನೆ ಕಟ್ಟುವವನಿಗೆ ಲೆಕ್ಕ ಕೂಡುತ್ತದೆ, ಸಾಲ ಮಾಡಿ ಕೊಳ್ಳುವವನಿಗೆ ಕೂಡುವುದು ಕಷ್ಟ. ನಮ್ಮ ಉದಾಹರಣೆಯ ಶೇ. 3ರಂಥ ಬಾಡಿಗೆಯಿಂದ ಅದಕ್ಕಿಂತ ದುಬಾರಿ ಬಡ್ಡಿಯ ಗೃಹಸಾಲದ ಕಂತು ತೀರುವುದು ಮೂರು ಊರಿನಲ್ಲೂ ಆಗದ ಮಾತು. ಹಾಗೆ ಕೊಳ್ಳುವವನು ನೆಚ್ಚಿರುವುದು ಬಾಡಿಗೆಯನ್ನಲ್ಲ, ನಾಳೆ ಮಾರುವ ಬೆಲೆಯನ್ನು. ಬಾಡಿಗೆಯನ್ನೇ ನೆಚ್ಚುವವನು ಹೆದ್ದಾರಿ ಎಷ್ಟು ದೂರ ಎಂದು ಕೇಳುವ ಬದಲು, ರಾತ್ರಿ ಪಾಳಿ ಮುಗಿಸಿದ ನರ್ಸ್ ನಡೆದು ಬರುವಷ್ಟು ಹತ್ತಿರವಿದೆಯೇ ಎಂದು ಕೇಳಲಿ.