ಕೇರಳದ ಜನಯೋಜನೆ ಮತ್ತು ಪಂಚಾಯಿತಿ ಪಾರದರ್ಶಕತೆ

ಸ್ಥಳೀಯ ಆಡಳಿತದ ಲೆಕ್ಕಪತ್ರವನ್ನು ಜನರ ಮುಂದಿಡುವಲ್ಲಿ ಆಳುವ ಪಕ್ಷದ ಸಿದ್ಧಾಂತ ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕೇರಳದ ಜನಯೋಜನೆ ಮುಖ್ಯ ಉದಾಹರಣೆ. ಎಡರಂಗ ಸರ್ಕಾರ 1996ರ ಆಗಸ್ಟ್‌ನಲ್ಲಿ ಇದನ್ನು ಆರಂಭಿಸಿತು. ಅದರ ಮಾರ್ಗದರ್ಶನ ಸಮಿತಿಗೆ ಹಿರಿಯ ಕಮ್ಯುನಿಸ್ಟ್ ನಾಯಕ ಇ.ಎಂ.ಎಸ್. ನಂಬೂದಿರಿಪಾಡ್ ಅಧ್ಯಕ್ಷರಾಗಿದ್ದರು. ರಾಜ್ಯ ಯೋಜನಾ ವೆಚ್ಚದ ಶೇ 35ರಿಂದ 40ರಷ್ಟು ಸ್ಥಳೀಯ ಸಂಸ್ಥೆಗಳ ಪಾಲಾಯಿತು. ಜನರನ್ನು ಸಂಘಟಿಸುವುದೇ ರಾಜಕಾರಣ ಎಂದು ನಂಬಿದ್ದ ಆಳುವ ಎಡಪಕ್ಷಕ್ಕೆ ಗ್ರಾಮಸಭೆ ಸಹಜ ವೇದಿಕೆಯಾಗಿತ್ತು. ಫಲಾನುಭವಿಗಳ ಪಟ್ಟಿ ಅಲ್ಲಿ ಚರ್ಚೆಗೆ ಬರಬೇಕಿತ್ತು. ಕಾಮಗಾರಿ ನಡೆಯುವ ಜಾಗದಲ್ಲಿ ಅಂದಾಜು ವೆಚ್ಚದ ವಿವರವನ್ನು ಎಂಜಿನಿಯರುಗಳ ಪರಿಭಾಷೆ ಬಿಟ್ಟು, ಓದಿದರೆ ತಿಳಿಯುವಂಥ ಮಲಯಾಳದಲ್ಲಿ ಫಲಕಕ್ಕೆ ಹಾಕಬೇಕೆಂಬ ನಿಯಮವೂ ಇತ್ತು. ಸಣ್ಣದೆನಿಸಿದರೂ ಗುತ್ತಿಗೆದಾರನನ್ನು ಪ್ರಶ್ನಿಸಲು ಊರವರಿಗೆ ಸಿಕ್ಕ ನಿಜವಾದ ಆಧಾರ ಇದೇ. 1999ರಲ್ಲಿ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಗೇ ಮಾಹಿತಿ ಹಕ್ಕಿನ ಅಧ್ಯಾಯ ಸೇರಿತು. ಕೇಂದ್ರದ ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ.

ಆದರೆ ಪಕ್ಷದ ಕಾರ್ಯಕರ್ತರೇ ಸಭೆಗಳನ್ನು ನಡೆಸುತ್ತಾರೆ, ಫಲಾನುಭವಿಗಳ ಪಟ್ಟಿಯಲ್ಲೂ ಅವರ ಕೈವಾಡವಿದೆ ಎಂಬ ಆಕ್ಷೇಪ ಕೇಳಿಬಂತು, ಅದನ್ನು ತಳ್ಳಿಹಾಕುವಂತಿಲ್ಲ. ಸಿದ್ಧಾಂತ ಬಾಗಿಲು ತೆರೆಯಬಲ್ಲದು, ಒಳಗೆ ಯಾರು ಕೂರಬೇಕೆಂದೂ ಅದೇ ನಿರ್ಧರಿಸಬಲ್ಲದು. 2001ರಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ನೇತೃತ್ವದ ರಂಗ ಯೋಜನೆಯ ಹೆಸರು ಬದಲಿಸಿತಾದರೂ ಪಂಚಾಯಿತಿಗಳಿಗೆ ಅನುದಾನ ಹಂಚುವ ವ್ಯವಸ್ಥೆಯನ್ನು ಕೈಬಿಡಲಿಲ್ಲ.