ಕೆರೆಗೋಡು ಮತ್ತು ಹೈಡ್ರೋಜೆಲ್

ಬಾಬಾಬುಡನ್‌ಗಿರಿಯ ಪಡುವಣಕ್ಕೆ ಧಾರಾಳವಾಗಿ ಸುರಿಯುವ ಮಳೆ ಮೂಡಣದ ಕಡೂರು ಸೀಮೆಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ಹಾಗಾಗಿ ಇಲ್ಲಿನ ಬೇಸಾಯದ ಚರಿತ್ರೆ ಎಂದರೆ ಬಂದ ನೀರನ್ನು ಹಿಡಿದಿಟ್ಟುಕೊಂಡ ಚರಿತ್ರೆ. ವೇದಾ ಹೊಳೆಗೆ ಸಖರಾಯಪಟ್ಟಣದ ಬಳಿ ಅಯ್ಯನಕೆರೆ, ಆವತಿಗೆ ಮದಗದ ಕೆರೆ; ಮುಂದೆ ಎರಡೂ ಕೂಡಿ ವೇದಾವತಿಯಾಗುತ್ತವೆ. ಹೊಯ್ಸಳರ ಕಾಲದಲ್ಲಿ, 1156ರಲ್ಲೇ, ಅಯ್ಯನಕೆರೆಯ ಜೀರ್ಣೋದ್ಧಾರ ನಡೆದಿತ್ತೆಂದರೆ ಅದರ ಹುಟ್ಟು ಇನ್ನೂ ಹಿಂದಿನದು. ಕೆರೆಗಳು ಕೊಟ್ಟದ್ದು ನೀರೊಂದನ್ನೇ ಅಲ್ಲ. ಬೇಸಿಗೆಯಲ್ಲಿ ಅಂಗಳ ಒಣಗಿದಾಗ ತಳದ ಹೂಳನ್ನು, ಅಂದರೆ ಗೋಡನ್ನು, ಬಗೆದು ಹೊಲಕ್ಕೆ ಹೊಡೆಯುವುದು ರೈತರ ಹಳೆಯ ವಾಡಿಕೆ. ಮರಳು ಬೆರೆತ ಕೆಂಪು ನೆಲದಲ್ಲಿ ನೀರು ನಿಲ್ಲದು. ಗೋಡಿನ ನಯವಾದ ಜೇಡಿ ಅದನ್ನು ತಡೆಹಿಡಿಯುತ್ತದೆ. ಅಜ್ಜಂಪುರದ ಎರೆಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದೂ ಜೇಡಿಯ ಗುಣದಿಂದಲೇ.

ಹೈಡ್ರೋಜೆಲ್ ಮಾಡುವುದೂ ನೀರು ಹಿಡಿದಿಡುವ ಇದೇ ಕೆಲಸವನ್ನು. ಉದ್ದನೆಯ ಪಾಲಿಮರ್ ಎಳೆಗಳನ್ನು ಅಲ್ಲಲ್ಲಿ ಗಂಟುಹಾಕಿದ ಬಲೆ ಅದು. ನೀರು ಹೊಕ್ಕಾಗ ಉಬ್ಬುತ್ತದೆ, ಗಂಟುಗಳಿರುವುದರಿಂದ ಕರಗುವುದಿಲ್ಲ, ಸುತ್ತಲ ಮಣ್ಣು ಒಣಗಿದಂತೆ ಬೇರಿಗೆ ನೀರು ಬಿಟ್ಟುಕೊಡುತ್ತದೆ. 1960ರಲ್ಲಿ ಪ್ರಾಗ್‌ನ ವಿಖ್ಟರ್ಲೆ ಮತ್ತು ಲಿಮ್ ಪ್ರಕಟಿಸಿದ ಇಂಥ ಜೆಲ್ಲು ಕಣ್ಣಿನ ಮೆದು ಲೆನ್ಸಾಯಿತು. ಅದರ ಬಂಧುಗಳು ಡೈಪರಿಗೂ ಗಾಯದ ಪಟ್ಟಿಗೂ ಬಂದವು. ಹೊಲಕ್ಕೆಂದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಹೈಡ್ರೋಜೆಲ್ ತನ್ನ ತೂಕದ ಸುಮಾರು 350 ಪಟ್ಟು ನೀರು ಹೀರುತ್ತದೆ. ಶಿಫಾರಸು ಎಕರೆಗೆ 1ರಿಂದ 2 ಕಿಲೊ.

ಈ 350 ಪಟ್ಟೆಂಬ ಮಾತು ಕೇಳಿದವರಿಗೆ ಇನ್ನು ಕೆರೆಯೇಕೆ ಅನ್ನಿಸಬಹುದು. ಲೆಕ್ಕ ಹಾಕೋಣ. ಎರಡು ಕಿಲೊ ಜೆಲ್ಲು ಒಮ್ಮೆಗೆ ಹಿಡಿಯುವುದು 700 ಲೀಟರ್. ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್. ಅಂದರೆ ಜೆಲ್ಲಿನ ಇಡೀ ಸಂಗ್ರಹ ಮಿಲಿಮೀಟರಿನ ಐದನೇ ಒಂದು ಪಾಲೂ ಇಲ್ಲ. ಅದು ಮತ್ತೆ ಮತ್ತೆ ತುಂಬುತ್ತದಲ್ಲ, ಬೇರಿನ ಬುಡದಲ್ಲೇ ಇರುತ್ತದಲ್ಲ ಎಂದರೆ, ನಿಜ; ಸಸಿಮಡಿಗೂ ಅಡಿಕೆ, ತೆಂಗಿನ ಗುಣಿಗೂ ಅದು ಒದಗುವುದು ಅದಕ್ಕೇ. ಆದರೆ ಮತ್ತೆ ತುಂಬಲು ಎಲ್ಲಿಂದಲೋ ನೀರು ಬರಬೇಕು. ಬೋರ್‌ವೆಲ್ಲಿನ ಗಡಸು ನೀರಾದರೆ ಅದರ ಸುಣ್ಣದಂಶ ಉಬ್ಬುವಿಕೆಯನ್ನೇ ಕುಗ್ಗಿಸುತ್ತದೆ. ಹೂಳು ತುಂಬಿದ ಕೆರೆಗಳನ್ನು ನೆಚ್ಚುವುದು ಬರೀ ಹಳೆಯ ಮೋಹ, ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆಯೇ ಇದೆಯಲ್ಲ ಎಂಬ ಆಕ್ಷೇಪವೂ ಉಂಟು. ನಾಲೆಯ ನೀರು ತನ್ನ ಅಚ್ಚುಕಟ್ಟನ್ನು ಮೀರಿ ಏರದು. ಗೋಡಿನ ಗಾಡಿ ಎತ್ತರದ ಮಳೆಯಾಶ್ರಿತ ಹೊಲಕ್ಕೂ ಹೋದೀತು. ಹೂಳೆತ್ತಿದರೆ ಕೆರೆಯ ಒಡಲು ಹಿಗ್ಗುತ್ತದೆ, ಅದೇ ಹೂಳು ಹೊಲದ ತೇವ ಕಾಯುತ್ತದೆ. ಒಂದೇ ಖರ್ಚಿನಲ್ಲಿ ಎರಡು ಕಡೆ ನೀರು ನಿಲ್ಲಿಸುವ ಈ ಉಪಾಯ ಜೆಲ್ಲಿಗೆ ಸಾಧ್ಯವಿಲ್ಲ. ಜೆಲ್ಲನ್ನು ಸಸಿಗೆ ಬಳಸಲಿ. ಸೀಮೆಯ ನೀರಿನ ಹೊಣೆಯನ್ನು ಮಾತ್ರ ಅದಕ್ಕೆ ಹೊರಿಸುವುದು ಬೇಡ.